ಹದಿಮೂರು ಕಿಲೋಮೀಟರ್ ಹೆಚ್ಚು, ಅಷ್ಟೇ

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಬೇರೆಯವರ ಹಣ ಎಣಿಸಿದವನು ನಾನು. ಸ್ಕೂಟರ್ ಬಿಟ್ಟರೆ ಬೇರೆ ವಾಹನ ಓಡಿಸಿದವನಲ್ಲ. ಅಂಥವನು ಎಪ್ಪತ್ತಮೂರನೇ ವಯಸ್ಸಿನಲ್ಲಿ ಕೆನಡಾದ ಉತ್ತರದ ಜಲ್ಲಿರಸ್ತೆಯಲ್ಲಿ ಕ್ಯಾಂಪರ್ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತದ್ದು ಮೊಮ್ಮಗಳ ದೆಸೆಯಿಂದ. ಭೂಪಟದಲ್ಲಿ ಚುಕ್ಕೆಗೆರೆಯಾಗಿ ಕಾಣುವ ಆರ್ಕ್ಟಿಕ್ ವೃತ್ತದ ಆಚೆಗೊಂದು, ಈಚೆಗೊಂದು ಕಾಲಿಟ್ಟು ನಿಲ್ಲಬೇಕೆಂದು ಆ ಹತ್ತು ವರ್ಷದವಳ ಹಟ.

ಕ್ಯಾಂಪರ್ ಎಂದರೆ ಚಕ್ರದ ಮೇಲಿನ ಮನೆ, ಮಕ್ಕಳೇ. ಒಲೆ, ಮಂಚ, ನೀರಿನ ಟ್ಯಾಂಕು ಎಲ್ಲವೂ ಉಂಟು. ಯೂಕಾನ್ ಪ್ರದೇಶದ ವೈಟ್‌ಹಾರ್ಸ್‌ನಲ್ಲಿ ಅಳಿಯಂದಿರು ಅದನ್ನು ಬಾಡಿಗೆಗೆ ಹಿಡಿದರು. ಡೆಂಪ್‌ಸ್ಟರ್ ಹೆದ್ದಾರಿ ಎಂದ ಕೂಡಲೇ ಅನೇಕರು ವ್ಯಾನು ಕೊಡಲು ಹಿಂಜರಿಯುತ್ತಾರೆ. ಒಪ್ಪಿದವರು ಕೊಟ್ಟದ್ದು ಒಂದೇ ಸ್ಟೆಪ್ನಿ. ಎರಡು ಬೇಕಲ್ಲವೇ ಎಂದು ಕೇಳಬೇಕೆನಿಸಿತು. ಅಳಿಯನ ವ್ಯವಹಾರದಲ್ಲಿ ಮಾವ ಮೂಗು ತೂರಿಸಬಾರದೆಂದು ಸುಮ್ಮನಾದೆ.

ಡಾಸನ್ ಪಟ್ಟಣದಿಂದ 40 ಕಿಲೋಮೀಟರ್ ಈಚೆಗೆ ಆ ರಸ್ತೆ ಕವಲೊಡೆದು ಉತ್ತರಕ್ಕೆ ಇನುವಿಕ್ ಊರಿನವರೆಗೆ ಸುಮಾರು 740 ಕಿ.ಮೀ. ಹೋಗುತ್ತದೆ. 1979ರಲ್ಲಿ ತೆರೆದದ್ದು. ಅಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ರಸ್ತೆ ಕುಸಿಯುತ್ತದೆ. ಅದಕ್ಕೇ ಆಳೆತ್ತರದವರೆಗೂ ಜಲ್ಲಿ ಸುರಿದು ಹೊದಿಕೆ ಹೊದಿಸಿ, ಅದರ ಮೇಲೆ ದಾರಿ ಮಾಡಿದ್ದಾರೆ. ನನ್ನ ಬಾಲ್ಯದಲ್ಲಿ ಮಂಜುಗಡ್ಡೆ ಕರಗದಿರಲೆಂದು ಮರದ ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದರು. ಹಾಗೆಯೇ ಇದು ಎಂದೆ. ಮೊಮ್ಮಗಳು ಅರ್ಥವಾಯಿತೆಂದು ತಲೆಯಾಡಿಸಿದಳು. ನನ್ನಾಕೆಗೆ ಅರ್ಥವಾದದ್ದು ಬೇರೆ. ಕುಲುಕಾಟಕ್ಕೆ ಬೀರುವಿನ ಬಾಗಿಲು ತೆರೆದು ಸಾರಿನ ಪುಡಿಯ ಡಬ್ಬ ಉರುಳಿ, ಆ ಪ್ರಯಾಣವಿಡೀ ಧೂಳೂ ಸಾರಿನ ವಾಸನೆ ಹೊಡೆಯಿತು.

ಮೊದಲ ರಾತ್ರಿ ಟೂಂಬ್‌ಸ್ಟೋನ್ ಉದ್ಯಾನದಲ್ಲಿ ತಂಗಿದೆವು. ಜೂನ್ ತಿಂಗಳು, ಹನ್ನೊಂದು ಗಂಟೆಗೂ ಪತ್ರಿಕೆ ಓದುವಷ್ಟು ಬೆಳಕು. ನಿದ್ದೆ ಬಾರದ ಮೊಮ್ಮಗಳಿಗೆ ರಸ್ತೆಯ ಹೆಸರಿನ ಕಥೆ ಹೇಳಿದೆ. 1910ರ ಡಿಸೆಂಬರಿನಲ್ಲಿ ಫಿಟ್ಜ್‌ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿಯೂ ಮೂವರು ಜೊತೆಗಾರರೂ ನಾಯಿಗಾಡಿಗಳೊಡನೆ ಡಾಸನ್‌ಗೆ ಹೊರಟರು. ಬೇಗ ಸೇರೋಣವೆಂದು ಆಹಾರ ಕಡಿಮೆ ಒಯ್ದರು. ದಾರಿ ತಪ್ಪಿತು. ಹುಡುಕುತ್ತಾ ದಿನ ಕಳೆದು, ತಡವಾಗಿ ಹಿಂತಿರುಗಿದರು. ನಾಲ್ವರೂ ಉಳಿಯಲಿಲ್ಲ. 1911ರ ಮಾರ್ಚಿಯಲ್ಲಿ ಅವರ ದೇಹಗಳನ್ನು ಪತ್ತೆ ಮಾಡಿದ ತಂಡದ ಮುಖ್ಯಸ್ಥ ಡೆಂಪ್‌ಸ್ಟರ್.

ಮಾರನೆಯ ದಿನ 158ನೇ ಕಿಲೋಮೀಟರಿನಲ್ಲಿ ಹಿಂದಿನ ಟೈರು ಪಂಕ್ಚರ್. ಚಾಕುವಿನಂಥ ಕಲ್ಲೊಂದು ನಾಟಿತ್ತು. ಅಳಿಯಂದಿರು ಒಂದು ಗಂಟೆ ಸೊಳ್ಳೆಗಳೊಡನೆ ಸೆಣಸಿ ಸ್ಟೆಪ್ನಿ ಹಾಕಿದರು. ಕೈ ಒರೆಸಿಕೊಂಡು, "ಹೊರಡೋಣ" ಎಂದರು. ನಾನು ಸುಮ್ಮನಿದ್ದೆ. ಮಗಳೇ ಕೇಳಿದಳು, "ಅಪ್ಪ, ನೀವೇನು ಹೇಳ್ತೀರಿ?"

"ಹಿಂತಿರುಗೋಣ."

"ಮಾವ, ಟೈರು ರಿಪೇರಿಗೆ ಹಿಂದಕ್ಕೆ ಡಾಸನ್ 198 ಕಿಲೋಮೀಟರ್. ಮುಂದೆ ಈಗಲ್ ಪ್ಲೇನ್ಸ್ 211. ಹದಿಮೂರು ಹೆಚ್ಚು, ಅಷ್ಟೇ. ವೃತ್ತ ಅಲ್ಲಿಂದ ಬರೀ 36."

ನಾನು ರಾತ್ರಿಯ ಕಥೆ ಎತ್ತಿದೆ. ಅವರು ನಕ್ಕರು. "ಅದು ನಾಯಿಗಾಡಿಯ ಕಾಲ, ಮಾವ." ನಿಜವೇ. ಕಥೆ ಬಿಟ್ಟು ಲೆಕ್ಕಕ್ಕೆ ಬಂದೆ. ಹಿಂದಕ್ಕೆ 87 ಕಿ.ಮೀ. ಹೋದರೆ ಟೂಂಬ್‌ಸ್ಟೋನ್‌ನಲ್ಲಿ ಜನರಿದ್ದಾರೆ. ಮುಂದೆ ಟೈರು ರಿಪೇರಿಯವರು ಸಿಗುವುದು 211ಕ್ಕೇ. ಫೋನಿಗೆ ಸಿಗ್ನಲ್ ಇಲ್ಲ. ಇನ್ನೊಂದು ಟೈರು ಹೋದರೆ ಹಾಕಲು ಏನೂ ಇಲ್ಲ.

ಯಾರೂ ಮಾತಾಡಲಿಲ್ಲ. ಕೊನೆಗೆ ಅಳಿಯಂದಿರು ವ್ಯಾನು ತಿರುಗಿಸಿದರು.

ಡಾಸನ್‌ವರೆಗೆ ಮೊಮ್ಮಗಳು ನನ್ನ ಕಡೆ ನೋಡಲಿಲ್ಲ. ಇನ್ನೊಂದು ಟೈರೇನಾದರೂ ಪಂಕ್ಚರ್ ಆಗಿದ್ದರೆ ನನ್ನ ಮಾತಿಗೆ ಬೆಲೆ ಬರುತ್ತಿತ್ತು. ಆಗಲಿಲ್ಲ. ನಾಲ್ಕು ಗಂಟೆ ಹೂವಿನಂತೆ ಬಂದೆವು. ಮುಂದಕ್ಕೇ ಹೋಗಿದ್ದರೂ ಹೀಗೆಯೇ ತಲುಪುತ್ತಿದ್ದೆವೇನೋ. ಈ ಯೋಚನೆ ಈಗಲೂ ರಾತ್ರಿ ಬರುತ್ತದೆ. ಟೈರು ಸರಿಹೋಗುವಷ್ಟರಲ್ಲಿ ರಜೆ ಮುಗಿದಿತ್ತು.

ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮೊಮ್ಮಗಳು ನನ್ನ ಅಂಗೈಗೆ ಕಾಗದದ ಪೊಟ್ಟಣ ಇಟ್ಟಳು. ಟೈರಿನಿಂದ ಕಿತ್ತ ಆ ಕಲ್ಲು. ಈಗ ಅದು ನನ್ನ ಮೇಜಿನಲ್ಲಿ ಕರೆಂಟ್ ಬಿಲ್ಲುಗಳ ಮೇಲೆ ಕುಳಿತಿದೆ. ಕಳೆದ ಭಾನುವಾರ ಅವಳ ಫೋನ್ ಬಂತು.

"ತಾತ, ಬರೋ ಜೂನ್‌ಗೆ ಮತ್ತೆ ಹೋಗ್ತೀವಿ. ನೀವೂ ಬರಬೇಕು. ಎರಡು ಸ್ಟೆಪ್ನಿ ಅಂತ ಅಪ್ಪನ ಹತ್ರ ಬರೆಸಿಕೊಂಡಿದೀನಿ, ಸಹಿ ಸಮೇತ."

ಪಾಸ್‌ಪೋರ್ಟ್ ಅವಧಿ ಎಂದಿಗೆ ಮುಗಿಯುತ್ತದೆಂದು ನೋಡಲು ಬೀರು ತೆಗೆದೆ. ನನ್ನಾಕೆ ಅಡುಗೆಮನೆಯಿಂದಲೇ ಕೂಗಿದಳು: ಈ ಸಲ ಸಾರಿನ ಪುಡಿಗೆ ತಿರುಪಿನ ಮುಚ್ಚಳದ ಡಬ್ಬ ಬೇಕಂತೆ.