ಟ್ರಿಯರ್ ಸಾಹೇಬರಿಗೆ ದೂರದಿಂದಲೇ ನಮಸ್ಕಾರ

ನಮ್ಮ ಆಫೀಸಿನಲ್ಲಿ ಸಿನಿಮಾ ಹುಚ್ಚಿನ ನಾಲ್ಕೈದು ಜನ ಇದ್ದೀವಿ. ಈ ಗುಂಪಿನಲ್ಲಿ ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ವಾನ್ ಟ್ರಿಯರ್ ಹೆಸರು ಬಂದರೆ ಎಲ್ಲರ ದನಿ ತಾನಾಗೇ ತಗ್ಗುತ್ತೆ, ದೇವಸ್ಥಾನದ ಒಳಗೆ ಕಾಲಿಟ್ಟಾಗ ತಗ್ಗುತ್ತಲ್ಲ ಹಾಗೆ. ಅವರ ಮಾತು ಕೇಳಿ ನಾನು ಆತನ ಮೂರು ಸಿನಿಮಾ ನೋಡಿದೆ. ಮೂರಕ್ಕೂ ಸಿಕ್ಕಿದ್ದು ನಿರಾಸೆ. ಯಾಕೆ ಅಂತ ಕ್ಯಾಂಟೀನಿನಲ್ಲಿ ಹೇಳೋಕೆ ಹೋದರೆ, 'ನಿಂಗೆ ಹಾಡು, ಕುಣಿತ ಇರಬೇಕು ಬಿಡು' ಅಂತ ಬಾಯಿ ಮುಚ್ಚಿಸಿದರು. ಹೌದು ಸ್ವಾಮಿ, ಇರಬೇಕು. ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದೀನಿ.

'ಬ್ರೇಕಿಂಗ್ ದ ವೇವ್ಸ್' (1996) ಬಗ್ಗೆ ಜಾಸ್ತಿ ಹೇಳಲ್ಲ. ಎಮಿಲಿ ವಾಟ್ಸನ್ ಅದ್ಭುತವಾಗಿ ನಟಿಸಿದ್ದಾಳೆ, ಆ ಮುಗ್ಧ ಹೆಂಗಸನ್ನು ನಿರ್ದೇಶಕ ಸಾಯೋವರೆಗೂ ಹಿಂಸಿಸಿದ್ದಾನೆ, ಅಷ್ಟೆ. 'ಡಾಗ್‌ವಿಲ್' (2003) ಶುರುವಾದಾಗ ಮಾತ್ರ ನಾನು ನೆಟ್ಟಗೆ ಎದ್ದು ಕೂತೆ. ಊರಿಗೆ ಗೋಡೆಗಳೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಇದು ಮನೆ, ಇದು ಬೀದಿ ಅಂದುಬಿಟ್ಟಿದ್ದಾರೆ. ಇಲ್ಲದ ಬಾಗಿಲನ್ನು ತೆಗೆದರೆ ಕಿರ್ ಅಂತ ಸದ್ದು ಬರುತ್ತೆ. ನಮ್ಮೂರಿನ ನಾಟಕದಲ್ಲಿ ಕೃಷ್ಣ ಸ್ಟೇಜಿಗೆ ಒಂದು ಸುತ್ತು ಹಾಕಿದರೆ ಹಸ್ತಿನಾವತಿ ತಲುಪಿದ ಅಂತ ಒಪ್ಪಿಕೊಂಡು ಬೆಳೆದವನು ನಾನು, ನನಗದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಆಮೇಲೆ. ಆಶ್ರಯ ಕೇಳಿಕೊಂಡು ಬಂದ ನಿಕೋಲ್ ಕಿಡ್‌ಮನ್‌ಳನ್ನು ಇಡೀ ಊರು ಹರಿದು ತಿನ್ನುತ್ತೆ. ಊರಿನಲ್ಲಿ ಕೆಟ್ಟವರಿರ್ತಾರೆ, ನನಗೆ ಗೊತ್ತು, ಅವರ ಹೊಲದ ಬದುವಿನ ಪಕ್ಕದಲ್ಲೇ ನಮ್ಮ ಹೊಲ ಇರೋದು. ಆದರೆ ಎಲ್ಲರೂ ಹೀಗೆ ಸರದಿಯಲ್ಲಿ ನಿಂತು ಕೆಡಲ್ಲ. ಯಾರೋ ಒಬ್ಬ ಮುದುಕಿಯಾದರೂ ಕತ್ತಲಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಒಂದು ಮುದ್ದೆ ತಂದಿಟ್ಟು ಹೋಗ್ತಾಳೆ. ಟ್ರಿಯರ್ ಲೆಕ್ಕದಲ್ಲಿ ಆ ಮುದುಕಿ ಬರೋ ಹಾಗಿಲ್ಲ. ಬಂದರೆ ಲೆಕ್ಕ ತಪ್ಪುತ್ತೆ.

ನಿಜವಾದ ಜಗಳ ಇರೋದು 'ಡಾನ್ಸರ್ ಇನ್ ದ ಡಾರ್ಕ್' ಜೊತೆ. 2000ನೇ ಇಸವಿಯಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೇ ಬಂತು, ಶ್ರೇಷ್ಠ ನಟಿ ಪ್ರಶಸ್ತಿ ಬ್ಯೋರ್ಕ್‌ಗೆ. ಕತೆ 1964ರ ಅಮೆರಿಕದ್ದು. ಚೆಕ್ ದೇಶದಿಂದ ಬಂದ ಸೆಲ್ಮಾ ಫ್ಯಾಕ್ಟರಿಯಲ್ಲಿ ದುಡೀತಾಳೆ. ಕಣ್ಣು ದಿನೇ ದಿನೇ ಮಂಜಾಗ್ತಿದೆ. ಅದೇ ಕಾಯಿಲೆ ಮಗನಿಗೂ ಬರೋದಿದೆ, ಅವನ ಆಪರೇಶನ್ನಿಗೆ ಅಂತ ಡಬ್ಬಿಯಲ್ಲಿ ದುಡ್ಡು ಕೂಡಿಡ್ತಿದ್ದಾಳೆ. ಅವಳಿಗಿರೋ ಒಂದೇ ಸುಖ ಹಳೇ ಹಾಲಿವುಡ್ ಮ್ಯೂಸಿಕಲ್‌ಗಳು. ಒಂದು ದೃಶ್ಯ ಇದೆ. ಗೆಳತಿಯ ಜೊತೆ '42ನೇ ಸ್ಟ್ರೀಟ್' (1933) ನೋಡೋಕೆ ಬಂದಿದ್ದಾಳೆ, ಪರದೆ ಕಾಣ್ತಿಲ್ಲ. ಗೆಳತಿ ಸೆಲ್ಮಾಳ ಅಂಗೈ ಮೇಲೆ ಎರಡು ಬೆರಳು ನಡೆಸಿ, ನಟಿಯರು ಈಗ ಹೀಗೆ ಹೆಜ್ಜೆ ಹಾಕ್ತಿದ್ದಾರೆ ಅಂತ ತೋರಿಸ್ತಾಳೆ. ಇಂಥದ್ದನ್ನು ಯೋಚಿಸಬಲ್ಲ ಮನುಷ್ಯ ಆಮೇಲೆ ಮಾಡೋದನ್ನು ನೋಡಿದರೇ ಹೊಟ್ಟೆ ಉರಿಯೋದು.

ಏನು ಮಾಡ್ತಾನೆ? ಪಕ್ಕದ ಮನೆಯ ಪೊಲೀಸ್ ಆ ದುಡ್ಡು ಕದೀತಾನೆ, ಗಲಾಟೆಯಲ್ಲಿ ಅವಳ ಕೈಯಿಂದ ಕೊಲೆಯಾಗುತ್ತೆ. ಅವನ ಗುಟ್ಟು ಕಾಪಾಡ್ತೀನಿ ಅಂತ ಮಾತು ಕೊಟ್ಟಿದ್ದಳಂತೆ, ಅದಕ್ಕೆ ಕೋರ್ಟಿನಲ್ಲಿ ಬಾಯಿ ಬಿಡಲ್ಲ. ಒಳ್ಳೆ ವಕೀಲನಿಗೆ ಆಪರೇಶನ್ ದುಡ್ಡೇ ಕೊಡಬೇಕು ಅಂದಾಗ ವಕೀಲನೇ ಬೇಡ ಅಂತಾಳೆ. ನೇರ ನೇಣಿಗೆ.

ನಮ್ಮವ್ವನೂ ಡಬ್ಬಿಯಲ್ಲಿ ದುಡ್ಡಿಟ್ಟವಳೇ. ಸಾಸಿವೆ ಡಬ್ಬಿ. ಡೈರಿಗೆ ಹಾಲು ಹಾಕಿ, ಚೀಟಿ ಕಟ್ಟಿ, ಕಿವಿಯ ಓಲೆಯನ್ನು ಅಡ ಇಟ್ಟು ಬಿಡಿಸಿ ಮತ್ತೆ ಇಟ್ಟು ನನ್ನ ಬಿಇ ಫೀಸು ಕಟ್ಟಿದಳು. ಮೂರನೇ ಸೆಮಿಸ್ಟರಿನ ಫೀಸಿಗೆ ಅಂತ ಇಟ್ಟಿದ್ದ ದುಡ್ಡನ್ನು ನೆಂಟನೊಬ್ಬ ವಾರದಲ್ಲಿ ಕೊಡ್ತೀನಿ ಅಂತ ಇಸ್ಕೊಂಡು ಹೋಗಿ ಕೊಡಲಿಲ್ಲ. ಅವ್ವ ಬೆಳಗಿನ ಜಾವ ಅವನ ಮನೆ ಮುಂದೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿ ಪೂರ್ತಿ ಕೇಳೋ ಹಾಗೆ, ಅವನ ತಾತನ ಕಾಲದ ಸಾಲದಿಂದ ಶುರುಮಾಡಿದಳು. ಮೂರನೇ ದಿನಕ್ಕೆ ದುಡ್ಡು ಬಂತು. ಸೆಲ್ಮಾ ಜಾಗದಲ್ಲಿ ಅವ್ವ ಇದ್ದಿದ್ದರೆ ಆ ಪೊಲೀಸಿನ ಗುಟ್ಟು ತಾಲ್ಲೂಕಿಗೇ ಗೊತ್ತಾಗ್ತಿತ್ತು. ಬಡ ಹೆಂಗಸಿಗೆ ಕಷ್ಟ ಬರುತ್ತೆ, ಅವಳು ಸೋಲ್ತಾಳೆ ಕೂಡ, ಆದರೆ ಸೋಲೋಕೆ ಮುಂಚೆ ಹತ್ತು ಬಾಗಿಲು ತಟ್ಟಿರ್ತಾಳೆ, ಚೌಕಾಸಿ ಮಾಡಿರ್ತಾಳೆ, ಎರಡು ಸುಳ್ಳು ಹೇಳಿರ್ತಾಳೆ. ಸೆಲ್ಮಾಗೆ ಟ್ರಿಯರ್ ಬಡತನ ಕೊಟ್ಟ, ಬಡವರ ಜಾಣತನ ಕೊಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಔಟ್‌ಪುಟ್ ಹಾರ್ಡ್‌ಕೋಡ್ ಮಾಡಿಟ್ಟ ಪ್ರೋಗ್ರಾಮು. ಇನ್‌ಪುಟ್ ಏನೇ ಕೊಡಿ, ಬರೋದು ನೇಣೇ.

ಅದು ವಾಸ್ತವ ಅಲ್ಲ ಕಣೋ, ಕಟ್ಟುಕತೆ ಥರ ನೋಡು ಅಂತಾರೆ ಗೆಳೆಯರು. ಸರಿ. ಹಾಗಾದರೆ ಕ್ಯಾಮೆರಾ ಯಾಕೆ ಕೈಯಲ್ಲಿ ಹಿಡಿದು ಅಷ್ಟು ಅಲ್ಲಾಡಿಸೋದು? ಇದು ನಿಜ, ನಿಜ ಅಂತ ನನ್ನ ಕಾಲರ್ ಹಿಡಿದು ಹೇಳೋಕೆ ತಾನೆ? ಇನ್ನು ಹಾಡುಗಳು. ಅವಕ್ಕೆ 100 ಡಿಜಿಟಲ್ ಕ್ಯಾಮೆರಾ ಇಟ್ಟಿದ್ದರು ಅಂತ ಹೆಗ್ಗಳಿಕೆ. ನೂರು ಕಡೆಯಿಂದ ಚೂರು ಚೂರು ಕತ್ತರಿಸಿ ಅಂಟಿಸಿದ ಮೇಲೆ ಒಂದು ಹೆಜ್ಜೆಯೂ ಪೂರ್ತಿ ಕಾಣಲ್ಲ.

ಫ್ರೆಡ್ ಅಸ್ಟೇರ್‌ಗೆ ಒಂದು ಹಟ ಇತ್ತು. ಕುಣಿಯುವಾಗ ತಲೆಯಿಂದ ಕಾಲಿನವರೆಗೆ ಪೂರ್ತಿ ದೇಹ ಕಾಣಬೇಕು, ಆದಷ್ಟೂ ಕತ್ತರಿ ಹಾಕಬಾರದು. 'ಸ್ವಿಂಗ್ ಟೈಮ್' (1936) ಕೊನೆಯ ಕುಣಿತಕ್ಕೆ 40ಕ್ಕೂ ಹೆಚ್ಚು ಟೇಕ್ ಆಗಿ ಜಿಂಜರ್ ರಾಜರ್ಸ್ ಕಾಲಲ್ಲಿ ರಕ್ತ ಬಂದಿತ್ತು. ಹಳೇ ಮ್ಯೂಸಿಕಲ್‌ಗಳಲ್ಲಿ ನೋವಿರಲಿಲ್ಲ ಅಂತ ನಾನೇನೂ ಹೇಳ್ತಿಲ್ಲ. ರಕ್ತ ಶೂ ಒಳಗಿತ್ತು, ನಮಗೆ ಕಂಡಿದ್ದು ಕುಣಿತ. ಟ್ರಿಯರ್ ಶೂ ಬಿಚ್ಚಿ ರಕ್ತವನ್ನೇ ತೋರಿಸ್ತಾ ಕೂರ್ತಾನೆ.

ನಡೀತಾ ಇದ್ದವನು ಇದ್ದಕ್ಕಿದ್ದಂತೆ ಹಾಡೋದು ಅಸಹಜ ಅನ್ನೋರಿದ್ದಾರೆ. ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ಆಡ್ತಿದ್ದರು. ಬಾಣ ತಿಂದು ಬಿದ್ದ ಕರ್ಣನಿಗೆ ಜನ 'ಒನ್ಸ್ ಮೋರ್' ಅಂದರೆ ಎದ್ದು, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ, ಅದೇ ಹಾಡು ಇನ್ನೊಂದು ಸಲ ಹಾಡಿ ಸಾಯೋನು. ಆ ಎರಡನೇ ಸಾವಿಗೂ ಅವ್ವ ಅಳೋಳು.

'ಸಿಂಗಿಂಗ್ ಇನ್ ದ ರೇನ್' (1952) ಎಷ್ಟು ಸಲ ನೋಡಿದೀನೋ ಲೆಕ್ಕವಿಲ್ಲ. ಕೀರಲು ದನಿಯ ನಾಯಕಿಗೆ ಬೇರೊಬ್ಬ ಹುಡುಗಿ ಕದ್ದು ದನಿ ಕೊಡೋ ಕತೆ. ತಮಾಷೆ ಅಂದರೆ, ಡೆಬ್ಬಿ ರೆನಾಲ್ಡ್ಸ್ ಆ ಕೀರಲು ನಾಯಕಿಯ ಸಂಭಾಷಣೆಗೆ ದನಿ ಕೊಡೋ ದೃಶ್ಯದಲ್ಲಿ ನಮಗೆ ಕೇಳಿಸೋದು ನಾಯಕಿಯಾಗಿ ನಟಿಸಿದ ಜೀನ್ ಹೇಗನ್‌ಳದ್ದೇ ನಿಜವಾದ ದನಿ. ರಿಕರ್ಶನ್ ಅರ್ಥವಾಗದ ಫ್ರೆಶರ್‌ಗಳಿಗೆ ನಾನಿದನ್ನೇ ಹೇಳಿ ನಗಿಸ್ತೀನಿ. ಅವ್ವ ಬೆಂಗಳೂರಿಗೆ ಬಂದಾಗ ಒಂದು ಸಂಜೆ ಹಾಕಿ ತೋರಿಸಿದೆ. ಇಂಗ್ಲಿಷ್ ಒಂದಕ್ಷರ ಬರಲ್ಲ, ಆದರೂ ಕದಲದೆ ಕೂತಿದ್ದಳು. ಮಳೆ ಹಾಡು ಬಂದಾಗ ಮಾತ್ರ, 'ಯಾಕ್ಲಾ ಮಗ, ಆವಯ್ಯ ಹಂಗ್ ನೆನೀತಾವ್ನೆ? ಸೀತ ಆಗಕಿಲ್ವಾ?' ಅಂದಳು. ಜೀನ್ ಕೆಲ್ಲಿ ಆ ಹಾಡು ಮಾಡುವಾಗ ಮೈಯಲ್ಲಿ 103 ಡಿಗ್ರಿ ಜ್ವರ ಇತ್ತಂತೆ ಕಣವ್ವ ಅಂದೆ. 'ಇನ್ನೇನಾಯ್ತದೆ ಮತ್ತೆ' ಅಂದಳು.

ದುಃಖ ಬೇಡ, ಬರೀ ಖುಷಿ ಬೇಕು ಅನ್ನೋನಲ್ಲ ನಾನು. ಸೆಲ್ಮಾಳ ಅಂಗೈ ಮೇಲೆ ಬೆರಳು ನಡೆಸಿದ ಆ ಗೆಳತಿಯ ಪಾತ್ರ ಕ್ಯಾಥರೀನ್ ಡೆನೂವ್‌ಳದ್ದು. ಅದಕ್ಕೆ 36 ವರ್ಷ ಮೊದಲು, 1964ರಲ್ಲಿ, ಅವಳೇ ನಾಯಕಿಯಾಗಿದ್ದ 'ಅಂಬ್ರೆಲ್ಲಾಸ್ ಆಫ್ ಶೆರ್ಬುರ್ಗ್' ಅದೇ ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿ ಗೆದ್ದಿತ್ತು. ಜಾಕ್ ದೆಮಿ ನಿರ್ದೇಶನ. ಒಂದು ಮಾತನ್ನೂ ಆಡಲ್ಲ, ಎಲ್ಲವೂ ಹಾಡೇ. ಗ್ಯಾರೇಜಿನ ಹುಡುಗ ಅಲ್ಜೀರಿಯಾ ಯುದ್ಧಕ್ಕೆ ಹೋಗ್ತಾನೆ, ಬಸುರಿ ಹುಡುಗಿ ಕಾಯ್ತಾಳೆ, ಕಾಗದಗಳು ಕಮ್ಮಿಯಾಗ್ತವೆ, ಅವಳು ಒಡವೆ ವ್ಯಾಪಾರಿಯನ್ನು ಮದುವೆಯಾಗ್ತಾಳೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ಮಗಳನ್ನು ಒಪ್ಪಿಸೋ ತಾಯಿಗೆ ಅಂಗಡಿಯ ಸಾಲ ಇದೆ. ಆ ವ್ಯಾಪಾರಿ ಹುಟ್ಟೋ ಮಗು ನನ್ನದೇ ಅಂತ ಒಪ್ಪಿಕೊಳ್ತಾನೆ. ವರ್ಷಗಳ ಮೇಲೆ, ಹಿಮ ಬೀಳೋ ರಾತ್ರಿ, ಅವಳ ಕಾರು ಅವನ ಪೆಟ್ರೋಲ್ ಬಂಕಿಗೇ ಬಂದು ನಿಲ್ಲುತ್ತೆ. ಯಾವ ಪೆಟ್ರೋಲ್ ಹಾಕಲಿ ಅನ್ನೋದನ್ನೂ ಅಲ್ಲಿ ಹಾಡೇ ಕೇಳೋದು. ನನಗೆ ನಗು ಬರಬೇಕಿತ್ತು, ಗಂಟಲು ಕಟ್ಟಿತು. ಮಗಳನ್ನ ನೋಡ್ತೀಯಾ ಅಂತ ಅವಳು ಕೇಳ್ತಾಳೆ. ಅವನು ಬೇಡ ಅಂತಾನೆ. ಕಾರು ಹೋಗುತ್ತೆ, ಅವನ ಹೆಂಡತಿ ಮಗ ವಾಪಸ್ ಬರ್ತಾರೆ, ಅಪ್ಪ ಮಗ ಹಿಮದಲ್ಲಿ ಆಡೋಕೆ ಶುರುಮಾಡ್ತಾರೆ.