ಪುಟಾಣಿ ರೈಲು ಮತ್ತು ದಸರೆಯ ದೀಪಗಳು

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಉಪಾಧ್ಯಾಯರಾದ ನಮಗೆ ಕೋಶವೇನೋ ಕೈಗೆಟುಕುವ ಕಪಾಟಿನಲ್ಲಿಯೇ ಇರುತ್ತದೆ. ದೇಶ ಸುತ್ತುವ ಕಾರ್ಯ ಮಾತ್ರ ಈ ರಜೆಯಿಂದ ಮುಂದಿನ ರಜೆಗೆ, ಅಲ್ಲಿಂದ ಅದರ ಮುಂದಿನ ರಜೆಗೆ ಸರಿಯುತ್ತಲೇ ಹೋಗುತ್ತದೆ. ಒಂದು ದಸರೆಯ ರಜೆಯಲ್ಲಿ ನಾವು ಮೂವರು ಉಪಾಧ್ಯಾಯರು ಮನಸ್ಸು ಗಟ್ಟಿ ಮಾಡಿ, ಕಣೇಕಲ್ಲಿನ 22 ಮಂದಿ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೊರಟೆವು. ಉದ್ದೇಶವನ್ನು ಮುಚ್ಚಿಡಬೇಕಾದುದೇನೂ ಇಲ್ಲ: ಪುಟಾಣಿ ರೈಲಿನಲ್ಲಿ ಕೂರುವುದು, ಅರಮನೆಯ ದೀಪಾಲಂಕಾರವನ್ನು ಕಣ್ತುಂಬ ನೋಡುವುದು. ‘ದೀಪ ನೋಡಿದ್ರೆ ಮಾರ್ಕು ಬರ್ತಾವೇನ್ರಿ ಸಾರ್?’ ಎಂದು ಒಬ್ಬ ತಂದೆ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ರಾಯದುರ್ಗದಲ್ಲಿ ಬಟ್ಟೆ ಹೊಲಿದು ಸಂಸಾರ ಸಾಗಿಸುವವರು ಪ್ರತಿಯೊಂದು ರೂಪಾಯಿಯನ್ನೂ ಹೀಗೆಯೇ ವಿಚಾರಿಸಿ ಕಳುಹಿಸಬೇಕಾಗುತ್ತದೆ. ಅವರಿಗೆ ಅಂದು ನಾವು ನಕ್ಕು ಸುಮ್ಮನಾದೆವು. ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ನಮ್ಮ ಸೀಮೆಯ ಸ್ಥಿತಿ ಓದುಗರಿಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಗೆ ಬಂದಿತು. ನೆಲ ಹಂಚಿಹೋಯಿತು, ಮನೆಯೊಳಗಿನ ಮಾತು ಹಾಗೆಯೇ ಉಳಿಯಿತು. ತೆಲುಗಿನ ಮೇಲೆ ನಮಗೆ ಮುನಿಸಿಲ್ಲ. ನಮ್ಮ ಮಕ್ಕಳು ಸಂತೆಯಲ್ಲಿ ತೆಲುಗನ್ನು ನೀರು ಕುಡಿದಷ್ಟು ಸುಲಭವಾಗಿ ಆಡುತ್ತಾರೆ. ಅದೂ ಅವರ ಆಸ್ತಿಯೇ. ಆದರೆ ಬಸ್ಸಿನ ಫಲಕ, ಅಂಗಡಿಯ ಹೆಸರು, ಕಚೇರಿಯ ಅರ್ಜಿ, ಸಿನಿಮಾದ ಭಿತ್ತಿಪತ್ರ ಇವೆಲ್ಲವೂ ಅವರೊಡನೆ ಬಹುಮಟ್ಟಿಗೆ ತೆಲುಗಿನಲ್ಲಿಯೇ ವ್ಯವಹರಿಸುತ್ತವೆ. ಕನ್ನಡಕ್ಕೆ ಉಳಿದಿರುವ ಠಾವುಗಳು ಎರಡು: ಅಡಿಗೆಮನೆ ಮತ್ತು ಕರಿಹಲಗೆ. ಒಂದರಲ್ಲಿ ಅದು ತಾಯಿಯ ಮಾತು, ಇನ್ನೊಂದರಲ್ಲಿ ಪರೀಕ್ಷೆಯ ಮಾತು. ಕನ್ನಡದಲ್ಲಿ ಟಿಕೀಟು ಕೊಳ್ಳಬಹುದು, ಆಟವಾಡಬಹುದು, ಹಬ್ಬದ ಬೀದಿಯಲ್ಲಿ ದಾರಿ ಕೇಳಬಹುದು ಎಂಬುದನ್ನು ನಮ್ಮ ಮಗು ಎಲ್ಲಿ ಕಾಣಬೇಕು?

ಕಣೇಕಲ್ಲಿನಿಂದ ಬಸ್ಸಿನಲ್ಲಿ ಬಳ್ಳಾರಿ, ಬಳ್ಳಾರಿಯಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸು. ಹುಬ್ಬಳ್ಳಿಯಿಂದ ಬರುವ ಈ ಗಾಡಿ ಬಳ್ಳಾರಿಯನ್ನು ಬಿಟ್ಟು ಗುಂತಕಲ್ಲು, ಅನಂತಪುರಗಳ ಮೇಲೆ ಹಾದು, ಬೆಂಗಳೂರನ್ನು ಮುಟ್ಟಿ ಮೈಸೂರಿಗೆ ಹೋಗುತ್ತದೆ. ಅಂದರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಗಾಡಿ ಹತ್ತಿದ ನಮ್ಮ ಮಕ್ಕಳು ಆ ರಾತ್ರಿ ಮತ್ತೆ ಆಂಧ್ರಕ್ಕೆ ಹೋದರು, ಬೆಳಗಾಗುವಷ್ಟರಲ್ಲಿ ಮತ್ತೆ ಕರ್ನಾಟಕದಲ್ಲಿದ್ದರು. ಗಡಿಯ ವಿಷಯದಲ್ಲಿ ದೊಡ್ಡವರು ಎಷ್ಟೋ ವರ್ಷ ನಿದ್ದೆಗೆಟ್ಟಿದ್ದಾರೆ. ಮಕ್ಕಳಾದರೋ ಎರಡು ಸಾರಿ ಅದನ್ನು ದಾಟಿದರೂ ಒಬ್ಬರಿಗೂ ಎಚ್ಚರವಾಗಲಿಲ್ಲ.

ಗಾಡಿಯ ಹೆಸರಿನಲ್ಲಿಯೂ ಒಂದು ಇತಿಹಾಸವಿದೆ. ಮೈಸೂರಿನ ದಸರೆ ಹಂಪಿಯಿಂದಲೇ ಹೊರಟ ಹಬ್ಬ. ಹಂಪಿಯ ಮಹಾನವಮಿ ದಿಬ್ಬವನ್ನು ನೋಡಿದವರಿಗೆ ಅದರ ಕಲ್ಲಿನ ಮೇಲೆ ಕೆತ್ತಿದ ಆನೆ, ಕುದುರೆ, ಕುಣಿತಗಳ ಸಾಲು ನೆನಪಿರಬಹುದು. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ನವರಾತ್ರಿಯ ಮಲ್ಲಯುದ್ಧ, ನೃತ್ಯ, ಪಂಜಿನ ಬೆಳಕು, ಬಾಣಬಿರುಸುಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ವಿಜಯನಗರದ ವೈಭವ ಅಳಿದ ಮೇಲೆ, 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಉತ್ಸವವನ್ನು ಮುಂದುವರಿಸಿದರು; ಅಲ್ಲಿಂದ ಅದು ಮೈಸೂರಿಗೆ ಬಂದಿತು. ಇದನ್ನು ಗಾಡಿಯಲ್ಲಿ ಮಕ್ಕಳಿಗೆ ಹೇಳಿದಾಗ ಒಬ್ಬಳು, ‘ಹಂಗಾದ್ರೆ ಹಬ್ಬ ನಮ್ ಕಡಿಂದನೇ ಹೋಗೈತಿ ಬಿಡ್ರಿ ಸಾರ್’ ಎಂದಳು. ರಾಯದುರ್ಗದ ಕೋಟೆಯೂ ಆ ಸಾಮ್ರಾಜ್ಯಕ್ಕೆ ಸೇರಿದ್ದುದರಿಂದ ಆ ಮಾತನ್ನು ತಿದ್ದುವ ಅಗತ್ಯ ನಮಗೆ ಕಾಣಲಿಲ್ಲ.

ಜಂಬೂ ಸವಾರಿಯ ದಿನದ ನೂಕುನುಗ್ಗಲಿನಲ್ಲಿ ಮಕ್ಕಳನ್ನು ಕಾಯುವುದು ಕಷ್ಟವೆಂದು ನಾವು ನವರಾತ್ರಿಯ ಮೊದಲ ದಿನಗಳನ್ನೇ ಆರಿಸಿಕೊಂಡಿದ್ದೆವು. ಮೈಸೂರಿನ ನಿಲ್ದಾಣದ ಸಮೀಪದಲ್ಲಿಯೇ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಹಬೆಯ ಹಳೆಯ ಇಂಜಿನುಗಳು, ಮಹಾರಾಣಿಯವರು ಪ್ರಯಾಣಿಸುತ್ತಿದ್ದ 1899ರ ಗಾಡಿ, ರಸ್ತೆಯ ಮೋಟಾರನ್ನು ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ವಿಚಿತ್ರ ವಾಹನ, ಎಲ್ಲವನ್ನೂ ಅಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. ಆದರೆ ಮಕ್ಕಳ ಕಣ್ಣು ಹೋದುದು ಆವರಣದೊಳಗೆ ಸುತ್ತುವ ಪುಟಾಣಿ ರೈಲಿನ ಮೇಲೆ. ಅದಕ್ಕೆ ಸೇರಬೇಕಾದ ಊರಿಲ್ಲ, ತಪ್ಪಿಸಿಕೊಳ್ಳುವ ಸಿಗ್ನಲ್ಲಿಲ್ಲ. ಹತ್ತಿದಲ್ಲಿಯೇ ತಂದು ಇಳಿಸುತ್ತದೆ. ರಾತ್ರಿಯೆಲ್ಲ ನಿಜವಾದ ರೈಲಿನಲ್ಲಿ ಬಂದ ಮಕ್ಕಳು ನಿಮಿಷಗಳಲ್ಲಿ ಮುಗಿಯುವ ಈ ಸವಾರಿಗೆ ಹಾತೊರೆದುದೇಕೆ? ದೊಡ್ಡ ರೈಲು ದೊಡ್ಡವರದು. ಅಲ್ಲಿ ಮಗು ಸಾಮಾನಿನಂತೆ ಜೋಪಾನವಾಗಿ ಬರಬೇಕು. ಪುಟಾಣಿ ರೈಲಿನಲ್ಲಿ ಮೊಣಕಾಲು ಮಡಚಿ ಕೂರಬೇಕಾದವರು ನಾವು.

ಟಿಕೀಟಿನ ಸಾಲಿನಲ್ಲಿ ಆ ತಂದೆಯ ಮಗ, ಐದನೆಯ ತರಗತಿಯ ಹುಡುಗ, ಎಲ್ಲರಿಗಿಂತ ಮುಂದೆ ನಿಂತಿದ್ದ. ತರಗತಿಯಲ್ಲಿ ಪಾಠ ಓದು ಎಂದರೆ ನೆಲ ನೋಡುವವನು ಅಲ್ಲಿ ಕಂಡ ಕನ್ನಡ ಫಲಕಗಳನ್ನೆಲ್ಲ ದೊಡ್ಡ ಧ್ವನಿಯಲ್ಲಿ ಓದತೊಡಗಿದ. ಯಾರೂ ಓದು ಎಂದಿರಲಿಲ್ಲ, ಯಾರೂ ತಿದ್ದಲಿಲ್ಲ. ಟಿಕೀಟು ಕೊಡುವವರು ‘ಯಾವ ಊರಪ್ಪಾ?’ ಎಂದು ಕೇಳಿದಾಗ ಅವನು ನಮ್ಮತ್ತ ತಿರುಗಿ, ‘ಸಾರ್, ಟಿಕೀಟ್ ಕೊಡೋರೂ ಕನ್ನಡದಾಗೇ ಕೇಳ್ತಾರೆ!’ ಎಂದ. ಮೈಸೂರಿನವರು ನಕ್ಕರು. ನಮಗೆ ನಗು ಬರಲಿಲ್ಲ. ಗಾಳಿಯಂತೆ ಸುತ್ತಲೂ ಇರುವುದನ್ನು ಅವರು ಗಮನಿಸಬೇಕಾದ ಕಾರಣವಿಲ್ಲ. ನಮ್ಮ ಹುಡುಗನಿಗೆ ಅದು ಹಬ್ಬದ ಮೊದಲ ದೀಪ.

ಸಂಜೆ ಅರಮನೆಯ ಮುಂದೆ ಜನಸಾಗರ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅದರ ಗೋಪುರ, ಕಮಾನು, ಅಂಚುಗಳ ಉದ್ದಕ್ಕೂ ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳಿವೆ. ಆ ಬೆಳಕಿನ ಹಿಂದೆಯೂ ಒಂದು ಪಾಠವಿದೆ: ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದುದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಮೊದಲು ದುಡಿಮೆ, ಆಮೇಲೆ ದೀಪ. ಈ ಪಾಠವನ್ನು ಹೇಳಲು ನಾವು ಸಿದ್ಧರಾಗುತ್ತಿರುವಾಗಲೇ ಕತ್ತಲಲ್ಲಿ ಮಸುಕಾಗಿ ನಿಂತಿದ್ದ ಕಟ್ಟಡ ಒಮ್ಮೆಗೇ ಹೊಂಬೆಳಕಿನ ರೇಖೆಗಳಾಗಿ ಎದ್ದು ನಿಂತಿತು. ‘ಓ’ ಎಂಬ ಉದ್ಗಾರ ಸಾವಿರ ಬಾಯಿಗಳಿಂದ ಬಂದಿತು. ನಮ್ಮ ಮಕ್ಕಳಿಂದ ಮಾತೇ ಹೊರಡಲಿಲ್ಲ. ಪಾಠವನ್ನು ನಾವು ಜೇಬಿನಲ್ಲಿಯೇ ಇಟ್ಟುಕೊಂಡೆವು. ಬೀದಿಯ ತೋರಣದೀಪಗಳ ಕೆಳಗೆ ನಡೆಯುವಾಗ, ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನದಲ್ಲಿ, ಎಲ್ಲೆಲ್ಲಿಯೂ ಆ ಹುಡುಗ ಯಾರನ್ನಾದರೂ ಏನನ್ನಾದರೂ ಕೇಳುತ್ತಲೇ ಇದ್ದ. ಉತ್ತರ ಅವನಿಗೆ ಬೇಕಾಗಿರಲಿಲ್ಲ. ಕೇಳಬಹುದು ಎಂಬುದೇ ಸಾಕಾಗಿತ್ತು.

ಇನ್ನು ಆ ತಂದೆಗೆ ಸಲ್ಲಬೇಕಾದ ಉತ್ತರ. ದೀಪ ನೋಡಿದರೆ ಮಾರ್ಕು ಬರುವುದಿಲ್ಲ. ಆದರೆ ಯಾವ ಭಾಷೆಯಲ್ಲಿ ಮಗು ಬರಿಯ ಪಾಠವನ್ನು ಒಪ್ಪಿಸುತ್ತದೆಯೋ ಆ ಭಾಷೆ ಶಾಲೆಯ ಗಂಟೆಯೊಡನೆ ಮುಗಿದುಹೋಗುತ್ತದೆ. ಯಾವ ಭಾಷೆಯಲ್ಲಿ ಅದು ನಕ್ಕು, ಕೂಗಿ, ಅಪರಿಚಿತರೊಡನೆ ಮಾತನಾಡಿ ಸಂತೋಷಪಟ್ಟಿದೆಯೋ ಆ ಭಾಷೆ ಗಂಟೆಯ ಆಚೆಗೂ ಉಳಿಯುತ್ತದೆ. ವ್ಯಾಕರಣವನ್ನು ನಾವು ಕಲಿಸಬಲ್ಲೆವು. ಸಂತೋಷವನ್ನು ಕಲಿಸಲು ಬರುವುದಿಲ್ಲ. ಅದಿರುವಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಅಷ್ಟೇ.

ನಿಜವನ್ನು ಪೂರ್ತಿಯಾಗಿ ಹೇಳಬೇಕು. ಮುಂದಿನ ಜೂನಿನಲ್ಲಿ ಆ ಹುಡುಗ ಬೇರೆ ಮಾಧ್ಯಮದ ಶಾಲೆಗೆ ಸೇರಿದ. ನಮ್ಮ ಹಾಜರಿ ಪುಸ್ತಕದಲ್ಲಿ ಇನ್ನೊಂದು ಸಾಲು ಖಾಲಿಯಾಯಿತು. ಉದ್ಯೋಗದ ಚಿಂತೆಯುಳ್ಳ ತಂದೆಯ ಲೆಕ್ಕಾಚಾರವನ್ನು ಪುಟಾಣಿ ರೈಲಿನ ಒಂದು ಸುತ್ತು ಬದಲಿಸಲಾರದು. ಬದಲಿಸಬೇಕಿತ್ತೆಂದು ನಾವು ದೂರುವುದೂ ನ್ಯಾಯವಲ್ಲ. ಆದರೆ ಶನಿವಾರಗಳಲ್ಲಿ ಅವನು ನಮ್ಮಲ್ಲಿಗೆ ಬಂದು ಒಂದು ಕನ್ನಡ ಕಥೆಯ ಪುಸ್ತಕವನ್ನು ಒಯ್ಯುತ್ತಾನೆ, ಮರುವಾರ ತಂದುಕೊಡುತ್ತಾನೆ. ಅದನ್ನು ಪರೀಕ್ಷೆಗಾಗಿ ಓದುತ್ತಿಲ್ಲವೆಂಬುದು ಖಚಿತ.

ಸಹೋದ್ಯೋಗಿಗಳಲ್ಲಿ ಒಂದು ವಿಜ್ಞಾಪನೆ. ಮೈಸೂರು ದೂರವೆನಿಸಿದರೆ ರಾಯದುರ್ಗದ ಕಡೆಯವರಿಗೆ ಹಂಪಿಯ ಮಹಾನವಮಿ ದಿಬ್ಬ ಹತ್ತಿರ. ಮಡಕಶಿರೆಯ ಮಿತ್ರರಿಗೆ ಬೆಂಗಳೂರು ಹತ್ತಿರ. ಅಲ್ಲಿಯ ಕಬ್ಬನ್ ಉದ್ಯಾನದ ಬಾಲಭವನದ ಪುಟಾಣಿ ರೈಲು ಎಷ್ಟೋ ತಲೆಮಾರಿನ ಮಕ್ಕಳನ್ನು ಹೊತ್ತು ಸುತ್ತಿದೆ. ಅದೂ ಆಗದಿದ್ದರೆ ಶಾಲೆಯಲ್ಲಿಯೇ ಹಬ್ಬ ಮಾಡೋಣ. ಮೈಸೂರಿನ ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳು ರಾಗಿಯ ಪೈರು ಬೆಳೆಸಿ ಮೆಟ್ಟಿಲ ಬುಡದಲ್ಲಿ ಚಿಕ್ಕ ಉದ್ಯಾನವನ್ನು ರಚಿಸುವುದುಂಟು. ರಜೆ ಮುಗಿದು ಶಾಲೆ ತೆರೆದಾಗ ನಮ್ಮ ಮಕ್ಕಳೂ ಹಾಗೆಯೇ ಮಾಡಿ, ಅದರೊಳಗೆ ಬೆಂಕಿಪೆಟ್ಟಿಗೆಗಳ ರೈಲೊಂದನ್ನು ಓಡಿಸಿದರು. ನಿಲ್ದಾಣಗಳಿಗೆ ಕಣೇಕಲ್ಲು, ಬೊಮ್ಮನಹಾಳು, ಬಳ್ಳಾರಿ ಎಂದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಫಲಕ ಬರೆದರು. ನಮ್ಮೂರಿಗೆ ತುಂಗಭದ್ರೆಯ ನೀರನ್ನು ತರುವ ಕಾಲುವೆ ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಎಂದು ವಿಚಾರಿಸದೆ ಹರಿದು ಬರುತ್ತದೆ. ಸಂತೋಷಕ್ಕೂ ಅಂತಹದೊಂದು ಕಾಲುವೆಯನ್ನು ತೋಡುವುದು ನಮ್ಮಂಥವರ ಕೈಯಲ್ಲಿ ಆಗದ ಕೆಲಸವಲ್ಲ. ಮುಂದಿನ ದಸರೆಗೆ ಯಾರು ಯಾರು ಹೊರಡುವಿರಿ?