ನಾವು ಹೋಮರಾ, ಗ್ರೈಮ್ಸಾ?

ಇವತ್ತು ಕಾರ್ಟೂನ್ ಬಗ್ಗೆ ಬರೀತಿದ್ದೀನಿ, ನಗಬೇಡಿ.

ಮೊನ್ನೆ ಇಂಜಿನಿಯರಿಂಗ್ ಓದೋ ಮಗ ಮೊಬೈಲ್ ಹಿಡ್ಕೊಂಡು ಬಂದ. ಅವನ ಕ್ಲಾಸ್ ಗ್ರೂಪಲ್ಲಿ ಯಾರೋ ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಚಿತ್ರ ಹಾಕಿದ್ದರು. ಕಷ್ಟಪಟ್ಟು ದುಡಿಯೋ ಫ್ರಾಂಕ್ ಗ್ರೈಮ್ಸ್ ಕೆಳಗೆ ‘ಮೆರಿಟ್’, ಸೋಮಾರಿ ಹೋಮರ್ ಕೆಳಗೆ ‘ಕೋಟಾ’. "ಅಪ್ಪಾ, ನಾವು ಹೋಮರಾ?" ಅಂದ. ಉತ್ತರ ಹೊಳೀಲಿಲ್ಲ. ರಾತ್ರಿ ಇಬ್ರೂ ಕೂತು ಆ ಎಪಿಸೋಡ್ ನೋಡಿದ್ವಿ.

1997ರ ‘ಹೋಮರ್ಸ್ ಎನಿಮಿ’. ಬರೆದವರು ಜಾನ್ ಸ್ವಾರ್ಟ್ಸ್‌ವೆಲ್ಡರ್. ಈ ಸರಣಿಗೆ 59 ಎಪಿಸೋಡ್ ಬರೆದ ಮನುಷ್ಯ.

ಗ್ರೈಮ್ಸ್‌ನನ್ನ ನಾಲ್ಕನೇ ವಯಸ್ಸಿಗೇ ಅಪ್ಪ ಅಮ್ಮ ಬಿಟ್ಟುಹೋಗ್ತಾರೆ. ಶಾಲೆ ಇಲ್ಲ, ಉಳ್ಳವರ ಮಕ್ಕಳಿಗೆ ಆಟಿಕೆ ತಲುಪಿಸ್ತಾ ಬೆಳೀತಾನೆ. ಸ್ಫೋಟವೊಂದರಲ್ಲಿ ಸತ್ತು ಬದುಕಿ, ಅಂಚೆ ಶಿಕ್ಷಣದಲ್ಲಿ ಡಿಪ್ಲೊಮಾ ಪಡೀತಾನೆ. "ನಿನ್ನ ಬಿ.ಎ. ಕೂಡ ಹಂಗೇ ಅಲ್ವಾ ಅಪ್ಪಾ?" ಅಂದ ಮಗ. ಇವನ ಕತೆ ಟಿವಿಯಲ್ಲಿ ನೋಡಿದ ಅಣುಸ್ಥಾವರದ ಯಜಮಾನ ಬರ್ನ್ಸ್, ದೊಡ್ಡ ಹುದ್ದೆ ಕೊಡ್ಬೇಕು ಅಂತಾನೆ. ಮರುದಿನ ಟಿವಿಯಲ್ಲಿ ಒಂದು ಸಾಹಸಿ ನಾಯಿ ಬರುತ್ತೆ. ಹುದ್ದೆ ನಾಯಿಗೆ ಹೋಗುತ್ತೆ! ಗ್ರೈಮ್ಸ್ ಹೋಮರ್ ಪಕ್ಕದಲ್ಲಿ ದುಡೀಬೇಕು. ಹೋಮರ್ ಇವನ ಊಟ ತಿಂತಾನೆ, ಪೆನ್ಸಿಲ್ ಅಗೀತಾನೆ. ಆದರೂ ಅವನಿಗೆ ದೊಡ್ಡ ಮನೆ, ಹೆಂಡ್ತಿ ಮಕ್ಳು. ಕೊನೆಗೆ ಗ್ರೈಮ್ಸ್‌ಗೆ ತಲೆ ಕೆಟ್ಟು, ನಾನೂ ಹೋಮರ್ ಹಂಗೇ ಇರ್ತೀನಿ ಅಂತ ಗ್ಲೌಸಿಲ್ಲದೆ ಕರೆಂಟ್ ತಂತಿ ಹಿಡಿದು ಸಾಯ್ತಾನೆ. ಮಣ್ಣು ಮಾಡುವಾಗಲೂ ಜನ ನಗ್ತಾರೆ, ಹೋಮರ್ ನಿದ್ದೆಯಲ್ಲಿ ಬಡಬಡಿಸಿದ್ದಕ್ಕೆ.

ಅದೇ ಲೇಖಕರ 1995ರ ‘ಹೋಮರ್ ದಿ ಗ್ರೇಟ್’ ಕೂಡ ನೋಡಿದ್ವಿ. ಊರಲ್ಲೊಂದು ಗುಟ್ಟಿನ ಸಂಘ. ಸದಸ್ಯರಿಗೆ ಒಳ್ಳೆ ಪಾರ್ಕಿಂಗ್, ಆರಾಮಿನ ಕುರ್ಚಿ. ಸೇರೋಕೆ ಎರಡೇ ದಾರಿ: ಸದಸ್ಯನ ಮಗ ಆಗಿರಬೇಕು, ಇಲ್ಲಾ ಸದಸ್ಯನ ಜೀವ ಉಳಿಸಬೇಕು. ಹೋಮರ್ ಅಪ್ಪನ ಹೆಸರಲ್ಲಿ ಒಳಗೆ ಹೋಗ್ತಾನೆ. ಮಗನಿಗೆ ಹೇಳಿದೆ: ನೋಡಪ್ಪಾ, ಹುಟ್ಟಿನಿಂದ ಸಿಗೋ ಕೋಟಾ ಅಂದ್ರೆ ಇದು. ನಮ್ಮ ಮೀಸಲಾತಿ ಸಂವಿಧಾನದಲ್ಲಿದೆ, ಪಟ್ಟಿ ನೋಟಿಸ್ ಬೋರ್ಡಿನಲ್ಲಿರುತ್ತೆ. ಇವರ ಪಟ್ಟಿ ಯಾವ ಬೋರ್ಡಿನಲ್ಲೂ ಇರಲ್ಲ.

ನನಗೆ ನಾಟಿದ್ದು 1993ರ ‘ವ್ಯಾಕಿಂಗ್ ಡೇ’. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಹಾವು ಬಡಿಯೋ ಹಬ್ಬ. ಪುರಾತನ ಸಂಪ್ರದಾಯವಂತೆ! ಪುಸ್ತಕ ತೆಗೆದು ನೋಡಿದ್ರೆ, ಅದು ಶುರುವಾಗಿದ್ದೇ 1924ರಲ್ಲಿ, ಐರಿಷ್ ಜನರನ್ನ ಹೊಡೆಯೋಕೆ ಒಂದು ನೆಪವಾಗಿ. ಅಲ್ಲೇ ನಿಂತ ಮುದುಕ ಐರಿಷ್‌ನವನು ‘ಹೌದು, ಏಟು ತಿಂದೆ, ಎಲ್ಲಾ ತಮಾಷೆಗೆ ತಾನೆ’ ಅನ್ನೋ ಥರ ಮಾತಾಡ್ತಾನೆ.

ಮಗ ನಕ್ಕ. ನಾನು ನಗಲಿಲ್ಲ. ಆಫೀಸಲ್ಲಿ ಟೀ ಹೊತ್ತಿಗೆ "ನಿಮಗೇನು ಬಿಡಿ, ಪ್ರಮೋಷನ್ ತಾನಾಗೇ ಬರುತ್ತೆ" ಅಂದಾಗೆಲ್ಲ ಇಷ್ಟು ವರ್ಷ ನಕ್ಕವನು ನಾನು. ಹೊರಗೆ ಮೈಕ್ ಹಿಡಿದು ಭಾಷಣ, ಒಳಗೆ ಆ ಮುದುಕ.

ಗ್ರೈಮ್ಸ್ ಸಿಟ್ಟೆಲ್ಲ ಪಕ್ಕದ ಮೇಜಿನವನ ಮೇಲೆ. ಹುದ್ದೆಯನ್ನ ನಾಯಿಗೆ ಕೊಟ್ಟ ಯಜಮಾನ ಆರಾಮಾಗಿದ್ದ. ನಮ್ಮ ಮೆರಿಟ್ ಗೆಳೆಯರೂ ಪೂರ್ತಿ ಎಪಿಸೋಡ್ ನೋಡಲಿ. ಮಗ ಗ್ರೂಪಲ್ಲಿ ಇಷ್ಟೇ ಬರೆದ: "ಶಾಲೆಗೇ ಹೋಗದೆ ದುಡಿದು ಓದಿದವನು ಗ್ರೈಮ್ಸ್. ನಿಮ್ಮಲ್ಲಿ ಯಾರು?"

ನಾಳೆಯಿಂದ ಟೀ ಹೊತ್ತಲ್ಲಿ ನಾನೂ ನಗಲ್ಲ. ನೀವೂ ನಗಬೇಡಿ.

ಜೈ ಭೀಮ್.